ತಂತ್ರ, ಸ್ಪರ್ಶ ಮತ್ತು ನಮ್ಮ ದಿನನಿತ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಕೆಲಸ ಫಿಸಿಯೋಥೆರಪಿ, 19 ವರ್ಷ ಆಯಿತು. ಬೇರೆಯವರ ಮೈ ಮುಟ್ಟುವುದೇ ನನ್ನ ಹೊಟ್ಟೆಪಾಡು ಅಂತ ತಮಾಷೆಗೆ ಹೇಳುವುದುಂಟು. ಅಪ್ಪ ದೇವಸ್ಥಾನದಲ್ಲಿ ಪೂಜೆ ಮಾಡುತ್ತಿದ್ದರು, ಹಾಗಾಗಿ ತಂತ್ರದ ಪುಸ್ತಕಗಳು ಮನೆಯ ಅಟ್ಟದಲ್ಲೇ ಇದ್ದವು, ಗೆದ್ದಲು ತಿಂದು ಉಳಿದಷ್ಟು. ಈ ಎರಡೂ ಒಂದೇ ಕಡೆ ಸೇರಿದ್ದರಿಂದಲೋ ಏನೋ, ಜನ ನನ್ನ ಹತ್ತಿರ ಈ ವಿಷಯ ಕೇಳುತ್ತಲೇ ಇರುತ್ತಾರೆ. ಕ್ಲಿನಿಕ್ಕಿನಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ಕಾಗದ ಬರೆದು ಕೇಳಿದವರೂ ಇದ್ದಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಗುರುತು ಸಿಗುವ ವಿವರ ಮಾತ್ರ ತೆಗೆದಿದ್ದೇನೆ.

## ಶುರುವಿನಲ್ಲಿ ಕೇಳುವವು

ತಂತ್ರ ಅಂದ್ರೆ ಮಾಟ-ಮಂತ್ರ ಅಲ್ವಾ? ನಮ್ಮ ಮನೆಯಲ್ಲಿ ಆ ಶಬ್ದ ತೆಗೆದರೆ ಬೈತಾರೆ.

ಬೈಯುವವರು ದಿನಕ್ಕೆ ಎಷ್ಟು ಸಲ ಆ ಶಬ್ದ ಬಳಸುತ್ತಾರೆ ಎಂದು ಎಣಿಸಿ ನೋಡಿ. ಸ್ವತಂತ್ರ, ಪ್ರಜಾತಂತ್ರ, ತಂತ್ರಜ್ಞಾನ, ಕುತಂತ್ರ, ತಂತ್ರಾಂಶ. ಸಂಸ್ಕೃತದಲ್ಲಿ ತಂತ್ರಕ್ಕೆ ಮಗ್ಗ, ಮಗ್ಗಕ್ಕೆ ಎಳೆದು ಕಟ್ಟಿದ ನೂಲು ಎಂಬ ಅರ್ಥ ಇದೆ. ನಮ್ಮ ನೇಕಾರರು ಹಾಸು ಅನ್ನುತ್ತಾರಲ್ಲ, ಅದು. ಕಾಸರಗೋಡು ಸೀರೆ ನೇಯುವ ಮಗ್ಗದ ಹತ್ತಿರ ಒಮ್ಮೆ ನಿಂತು ನೋಡಿ. ನೇಯುವವರು ಶುರು ಮಾಡುವ ಮೊದಲು ಬೆರಳಿನ ಹಿಂಬದಿಯನ್ನು ಹಾಸಿನ ಮೇಲೆ ಹಗುರವಾಗಿ ಆಡಿಸುತ್ತಾರೆ. ಎಲ್ಲಿ ಸಡಿಲ, ಎಲ್ಲಿ ಬಿಗಿ ಎಂದು ಕಣ್ಣಿಗಿಂತ ಮೊದಲು ಚರ್ಮಕ್ಕೆ ಗೊತ್ತಾಗುತ್ತದೆ. ಅಲ್ಲಿಂದ ಈ ಶಬ್ದಕ್ಕೆ ಪದ್ಧತಿ, ವ್ಯವಸ್ಥೆ, ಶಾಸ್ತ್ರಗ್ರಂಥ ಅನ್ನುವ ಅರ್ಥಗಳೂ ಬಂದವು.

ಮಾಟದ ನಂಟು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ವಶೀಕರಣ, ಉಚ್ಚಾಟನೆ ಅಂತ ಆರು ಬಗೆಯ ಕರ್ಮಗಳನ್ನು ಹೇಳುವ ತಂತ್ರಗ್ರಂಥಗಳು ಇವೆ. ಆದರೆ ಅದು ಒಂದು ಮೂಲೆ. ಆ ಮೂಲೆಯನ್ನೇ ಮನೆ ಅಂದುಕೊಂಡಿದ್ದೇವೆ ಅಷ್ಟೆ.

ನಮ್ಮ ದೇವಸ್ಥಾನದ ತಂತ್ರಿಗಳು ಮಾಡುವುದೂ, ಗೋವಾದಲ್ಲಿ ಶಿಬಿರ ಮಾಡುವವರು ಹೇಳಿಕೊಡುವುದೂ ಒಂದೇನಾ?

ಹೆಸರು ಒಂದೇ, ಬಂದ ದಾರಿ ಬೇರೆ ಬೇರೆ. ಕೇರಳದ ದೇವಸ್ಥಾನಗಳ ಪ್ರತಿಷ್ಠೆ, ಪೂಜೆ, ಉತ್ಸವ ಹೇಗೆ ನಡೆಯಬೇಕು ಎಂದು ಹೇಳುವ ಮುಖ್ಯ ಗ್ರಂಥ ತಂತ್ರಸಮುಚ್ಚಯ. 15ನೇ ಶತಮಾನದಲ್ಲಿ ಚೇನ್ನಾಸ್ ನಾರಾಯಣನ್ ನಂಬೂದಿರಿ ಬರೆದದ್ದು. ನಮ್ಮ ಕಡೆ ಬ್ರಹ್ಮಕಲಶ ಅಂತ ಕಾಗದ ಬಂದಾಗ ಅದರಲ್ಲಿ ತಂತ್ರಿಗಳ ಹೆಸರು ದಪ್ಪಕ್ಷರದಲ್ಲಿ ಇರುತ್ತದಲ್ಲ, ಅವರು ನಡೆಸುವುದು ಈ ಸಾಲಿನದು. ಕಾಶ್ಮೀರದಲ್ಲಿ ಸಾವಿರ ವರ್ಷದ ಹಿಂದೆ ಅಭಿನವಗುಪ್ತ 37 ಅಧ್ಯಾಯಗಳ ತಂತ್ರಾಲೋಕ ಬರೆದ. ಅದು ಇನ್ನೊಂದು ಸಾಲು, ಶೈವ. ಬಂಗಾಳ, ಅಸ್ಸಾಮಿನಲ್ಲಿ ದೇವಿಯನ್ನು ಪೂಜಿಸುವ ಶಾಕ್ತರದ್ದು ಮತ್ತೊಂದು.

ಶಿಬಿರದ ತಂತ್ರಕ್ಕೆ ನೂರು ವರ್ಷದ ಚರಿತ್ರೆ ಇದೆ. ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶ ಜಾನ್ ವುಡ್ರಫ್, ಆರ್ಥರ್ ಅವಲಾನ್ ಎಂಬ ಹೆಸರಿನಲ್ಲಿ 1913ರಲ್ಲಿ ಮಹಾನಿರ್ವಾಣ ತಂತ್ರವನ್ನು ಇಂಗ್ಲಿಷಿಗೆ ತಂದರು. ಅಮೆರಿಕದಲ್ಲಿ ಕೆಲವರು ಅದಕ್ಕೆ ತಮ್ಮ ಕಡೆಯ ಒಗ್ಗರಣೆ ಹಾಕಿದರು. 1960-70ರ ದಶಕದಲ್ಲಿ ಮನಃಶಾಸ್ತ್ರದ ಚಿಕಿತ್ಸೆಗಳೂ ಮಸಾಜೂ ಸೇರಿದವು. ಆಮೇಲೆ ಅದೇ ಅಡುಗೆ ವಿಮಾನ ಹತ್ತಿ ಗೋವಾಕ್ಕೆ ಇಳಿಯಿತು. ಹೊಸತು ಎಂಬ ಕಾರಣಕ್ಕೆ ಅದು ಕೆಟ್ಟದ್ದಲ್ಲ. ಹಳೆಯದು ಅಂತ ಹೇಳಿ ಮಾರುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಪ್ರಜ್ಞಾಪೂರ್ವಕ ಸ್ಪರ್ಶ ಅಂದರೆ ಎಂತದು ಅಕ್ಕ? ಮುಟ್ಟುವುದಕ್ಕೂ ಪಾಠ ಬೇಕಾ?

ಹೆಸರು ಭಾರ ಆಯಿತು, ಒಪ್ಪುತ್ತೇನೆ. ನಾನು ಗಮನವಿಟ್ಟು ಮುಟ್ಟುವುದು ಅನ್ನುತ್ತೇನೆ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡುವಾಗ ಕೈಗೆ ಕೈ ತಾಗುತ್ತದೆ, ಅದು ತಾಗುವುದು. ಮಗುವಿಗೆ ಜ್ವರ ಬಂತಾ ಅಂತ ಹಣೆಗೆ ಅಂಗೈಯ ಹಿಂಬದಿ ಇಟ್ಟು ಒಂದು ಕ್ಷಣ ಉಸಿರು ಹಿಡಿಯುತ್ತೀರಲ್ಲ, ಆ ಹೊತ್ತಿಗೆ ನಿಮ್ಮ ಇಡೀ ಮನಸ್ಸು ಕೈಯಲ್ಲೇ ಇರುತ್ತದೆ. ನಾನು ಹೇಳುವುದು ಅದನ್ನು.

ಪಾಠ ಬೇಕಾ ಅಂದರೆ, ಗೊತ್ತಿದ್ದದ್ದು ಮರೆತವರಿಗೆ ಬೇಕು. ಎರಡೇ ಪಾಠ. ಕೈ ಎಲ್ಲಿದೆಯೋ ಮನಸ್ಸೂ ಅಲ್ಲಿರಲಿ. ಆ ಕಡೆಯವರಿಗೆ ಬೇಕಾ ಬೇಡವಾ ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ನನ್ನ ಅನುಭವದಲ್ಲಿ ಎರಡನೆಯದು ಜಾಸ್ತಿ ಕಷ್ಟ.

ಸುತ್ತಿ ಬಳಸಿ ಕೊನೆಗೆ ಎಲ್ಲ "ಅದಕ್ಕೇ" ಬರುವುದಲ್ವಾ?

ಗಂಡಸರು ಈ ಪ್ರಶ್ನೆಯನ್ನು ನಗುತ್ತಾ ಕೇಳುತ್ತಾರೆ, ಹೆಂಗಸರು ನಗದೆ ಕೇಳುತ್ತಾರೆ. ಐದು ಮಕಾರಗಳ ಮಾತು ಶಾಕ್ತ ತಂತ್ರದಲ್ಲಿ ಇದೆ: ಮದ್ಯ, ಮಾಂಸ, ಮತ್ಸ್ಯ, ಮುದ್ರಾ (ಹುರಿದ ಧಾನ್ಯ), ಮೈಥುನ. ಎಡಗೈ ದಾರಿಯವರು ಅದನ್ನು ಹಾಗೇ ತೆಗೆದುಕೊಂಡರು, ಬಲಗೈ ದಾರಿಯವರು ಸಂಕೇತ ಅಂದರು. ಒಟ್ಟು ತಂತ್ರ ಸಾಹಿತ್ಯದಲ್ಲಿ ಇದಕ್ಕೆ ಸಿಗುವ ಜಾಗ ಬಹಳ ಚಿಕ್ಕದು. ಉಳಿದದ್ದು ಮಂತ್ರ, ಯಂತ್ರ, ಉಸಿರು, ಪೂಜೆ, ತರ್ಕ. ಓದಿದರೆ ಆಕಳಿಕೆ ಬರುವಷ್ಟು ವಿಧಿ-ವಿಧಾನ. ಬಿಸಿಬಿಸಿ ಏನೋ ಸಿಗುತ್ತದೆ ಎಂದು ತಂತ್ರಸಮುಚ್ಚಯ ತೆರೆದವರಿಗೆ ಸಿಗುವುದು ಗರ್ಭಗುಡಿಯ ಅಳತೆ.

## ಮನೆಯೊಳಗಿನ ಪ್ರಶ್ನೆಗಳು

ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ಮುಟ್ಟುವುದೇ ಇಲ್ಲ. ಪ್ರೀತಿ ಇಲ್ಲ ಅಂತಲ್ಲ. ಇದು ತೊಂದರೆಯಾ?

ನಮ್ಮ ಭಾಷೆಯನ್ನೇ ನೋಡಿ. ಮುಟ್ಟು ಅಂದರೆ ಸ್ಪರ್ಶ, ಮುಟ್ಟು ಅಂದರೆ ತಿಂಗಳ ಮೂರು ದಿನ ಮುಟ್ಟಬಾರದವಳು. ಒಂದೇ ಶಬ್ದದಲ್ಲಿ ಕರೆಯೂ ಇದೆ, ದೂರ ಸರಿ ಎನ್ನುವುದೂ ಇದೆ. ಮಡಿಯಲ್ಲಿದ್ದವರನ್ನು ಮುಟ್ಟಬಾರದು, ಮೈಲಿಗೆಯಲ್ಲಿದ್ದವರನ್ನು ಮುಟ್ಟಬಾರದು, ದೊಡ್ಡವಳಾದ ಮಗಳನ್ನು ಅಪ್ಪ ಮುಟ್ಟಬಾರದು. ಇಷ್ಟೆಲ್ಲ ಬೇಡಗಳ ನಡುವೆ ಬೆಳೆದವರು ಪ್ರೀತಿಯನ್ನು ಬೇರೆ ದಾರಿಯಲ್ಲಿ ತೋರಿಸಲು ಕಲಿತರು. ಇನ್ನೊಂದು ದೋಸೆ ಹಾಕುವುದು, ಬಸ್ ಸ್ಟ್ಯಾಂಡಿಗೆ ಬಿಡುವುದು, "ತಲುಪಿದ ಕೂಡಲೇ ಫೋನ್ ಮಾಡು" ಅನ್ನುವುದು. ಅದೂ ಪ್ರೀತಿಯೇ, ನಾನು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೆ ಶುರುವಿನಲ್ಲಿ ನಾವು ಹೀಗಿರಲಿಲ್ಲ. ಬಾಣಂತಿ ಮನೆಯ ಬಚ್ಚಲಿನಲ್ಲಿ ಅಜ್ಜಿ ಎರಡು ಕಾಲು ಚಾಚಿ ಕೂತು, ಮೊಣಗಂಟಿನ ಕೆಳಗೆ ಮಗುವನ್ನು ಅಡ್ಡ ಮಲಗಿಸಿ, ತೆಂಗಿನೆಣ್ಣೆ ತಿಕ್ಕಿ, ಕೈಕಾಲು ಎಳೆದು, ಮೂಗು ನೀವಿ, ಹದ ಬಿಸಿ ನೀರು ಹೊಯ್ದು ಮೀಯಿಸುತ್ತಾಳಲ್ಲ, ಅದಕ್ಕಿಂತ ಗಮನದ ಸ್ಪರ್ಶ ನಾನು ಯಾವ ತರಬೇತಿಯಲ್ಲೂ ನೋಡಿಲ್ಲ. ಐದು ವರ್ಷದ ಹೊತ್ತಿಗೆ ಅದು ನಿಲ್ಲುತ್ತದೆ, ಯಾರೂ ಹೇಳಿ ನಿಲ್ಲಿಸುವುದಿಲ್ಲ. ಮತ್ತೆ ಕೆಲವರ ಮೈಗೆ ಇನ್ನೊಬ್ಬರ ಕೈ ಬೀಳುವುದು ನನ್ನ ಕ್ಲಿನಿಕ್ಕಿಗೆ ಬಂದಾಗಲೇ. ಅರವತ್ತು ದಾಟಿದವರು ಭುಜದ ನೋವಿಗೆ ಅಂತ ಬರುತ್ತಾರೆ. ನೋವು ಹೋದ ಮೇಲೂ ಬರುತ್ತಾರೆ.

ತೊಂದರೆಯಾ ಅಂದರೆ, ನಿಮಗೆ ಕೊರತೆ ಅನಿಸಿದರೆ ಮಾತ್ರ. ಅನಿಸಿದರೆ ದೊಡ್ಡ ಅಪ್ಪುಗೆಯಿಂದ ಶುರು ಮಾಡಬೇಡಿ, ಅಮ್ಮ ಗಾಬರಿಯಾಗುತ್ತಾರೆ. ಭಾನುವಾರ ತಲೆಗೆ ಎಣ್ಣೆ ಹಚ್ಚಿಕೊಡುತ್ತೇನೆ ಅನ್ನಿ. ನಮ್ಮ ಕಡೆ ಎಣ್ಣೆಗೆ ಯಾರೂ ಬೇಡ ಅನ್ನುವುದಿಲ್ಲ.

ಯಜಮಾನರು ಗಲ್ಫಿನಲ್ಲಿ. ಎರಡು ವರ್ಷಕ್ಕೊಮ್ಮೆ ಬರುತ್ತಾರೆ. ಬಂದಾಗ ಮೊದಲ ವಾರ ಅಪರಿಚಿತರ ಹಾಗೆ ಆಗುತ್ತದೆ. ಹೇಳಿಕೊಳ್ಳಲು ನಾಚಿಕೆ.

ನಾಚಿಕೆ ಬೇಡ. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಕತೆ, ಯಾರೂ ಬಾಯಿ ಬಿಡುವುದಿಲ್ಲ ಅಷ್ಟೆ. ದಿನಾ ವಿಡಿಯೋ ಕಾಲಿನಲ್ಲಿ ಮುಖ ನೋಡಿದ್ದೀರಿ, ಧ್ವನಿ ಕೇಳಿದ್ದೀರಿ. ಆದರೆ ಮೈಗೆ ಅವರ ಲೆಕ್ಕವೇ ಸಿಕ್ಕಿಲ್ಲ. ಕಣ್ಣಿಗೆ ಗುರುತಿನವರು, ಚರ್ಮಕ್ಕೆ ಹೊಸಬರು. ಮೊದಲ ವಾರದ ಬಿಗುವು ಅದರದ್ದೇ. ಪ್ರೀತಿ ಕಡಿಮೆಯಾದದ್ದರ ಗುರುತು ಅದಲ್ಲ.

ಬಂದ ರಾತ್ರಿಯೇ ಎಲ್ಲ ಸರಿಹೋಗಬೇಕು ಎಂಬ ಒತ್ತಡ ಇಬ್ಬರಿಗೂ ಇರುತ್ತದೆ, ಮೇಲಿಂದ ಮನೆ ತುಂಬ ನೆಂಟರು, ಪೆಟ್ಟಿಗೆ ಯಾವಾಗ ಬಿಚ್ಚುತ್ತಾರೆ ಅಂತ ಕಾಯುವ ಮಕ್ಕಳು. ನಾಲ್ಕು ದಿನ ಬಿಡಿ. ಅಂಗಳದ ಜಗಲಿಯಲ್ಲಿ ಪಕ್ಕಪಕ್ಕ ಕೂತು ಅಡಿಕೆ ಸುಲಿಯಿರಿ, ಭುಜಕ್ಕೆ ಭುಜ ತಾಗಿದರೆ ತಾಗಲಿ. ಅವರು ಇಲ್ಲದ ಎರಡು ವರ್ಷದಲ್ಲಿ ನಿಮ್ಮ ಮೈಯನ್ನು ನೀವೇ ಮರೆಯಬೇಡಿ. ದಿನಾ ಅಭ್ಯಂಗ ಮಾಡಿ, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಎಣ್ಣೆ ಹಚ್ಚಿ ಅನ್ನುತ್ತದೆ ಆಯುರ್ವೇದದ ಹಳೆಯ ಗ್ರಂಥ ಅಷ್ಟಾಂಗಹೃದಯ. ದಿನಾ ಆಗದಿದ್ದರೆ ವಾರಕ್ಕೊಮ್ಮೆ ಪಾದಕ್ಕಾದರೂ ಹಚ್ಚಿ, ಅವಸರ ಇಲ್ಲದೆ.

ಮದುವೆಯಾಗಿ 14 ವರ್ಷ. ಕೈ ಹಿಡಿದರೂ ಮುಂದಿನದಕ್ಕೆ ಕರೆದ ಹಾಗೆ ಆಗುತ್ತದೆ, ಹಾಗಾಗಿ ಕೈ ಹಿಡಿಯುವುದೇ ಬಿಟ್ಟಿದ್ದೇವೆ.

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು, ಬೇರೆ ಬೇರೆ ವೇಷದಲ್ಲಿ. ಇದಕ್ಕೆ ಒಳ್ಳೆಯ ಉತ್ತರ ಕೊಟ್ಟದ್ದು ತಂತ್ರದವರಲ್ಲ, ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಎಂಬ ಇಬ್ಬರು ಸಂಶೋಧಕರು. 1970ರಲ್ಲಿ ಅವರು ಪ್ರಕಟಿಸಿದ ಪದ್ಧತಿಯನ್ನು ಇವತ್ತಿಗೂ ಲೈಂಗಿಕ ಚಿಕಿತ್ಸಕರು ಬಳಸುತ್ತಾರೆ. ಅದರ ಗುಟ್ಟು ಒಂದು ಬೇಡದಲ್ಲಿದೆ. ಇಂತಿಷ್ಟು ದಿನ ಕೂಡುವುದಿಲ್ಲ ಎಂದು ಇಬ್ಬರೂ ಮೊದಲೇ ಮಾತು ಕೊಟ್ಟುಕೊಳ್ಳಬೇಕು. ಮುಂದಿನದು ಇಲ್ಲ ಅಂತ ಗೊತ್ತಾದ ಕೂಡಲೇ ಹೆದರಿಕೆಯೂ ಇಲ್ಲ, ಪರೀಕ್ಷೆಯೂ ಇಲ್ಲ.

ನಾನು ದಂಪತಿಗೆ ಹೇಳುವುದು ಹೀಗೆ. ವಾರಕ್ಕೆ ಎರಡು ಸಲ, 20 ನಿಮಿಷ. ಫೋನು ಹೊರಗೆ. ಹತ್ತು ನಿಮಿಷ ಒಬ್ಬರು ಮುಟ್ಟುವುದು, ಮತ್ತೆ ಹತ್ತು ನಿಮಿಷ ಇನ್ನೊಬ್ಬರು. ಮೊದಲ ಎರಡು ವಾರ ಕೈ, ಬೆನ್ನು, ಮುಖ, ಪಾದ ಮಾತ್ರ. ಮುಟ್ಟುವವರು ಖುಷಿಪಡಿಸಲು ಹೋಗಬಾರದು, ಸುಮ್ನೆ ಕುತೂಹಲದಿಂದ ನೋಡಬೇಕು: ಮೊಣಕೈ ಇಷ್ಟು ಒರಟಾ? ಈ ಕಲೆ ಯಾವಾಗಿನದು? ಮುಟ್ಟಿಸಿಕೊಳ್ಳುವವರಿಗೆ ಎರಡೇ ಮಾತು, "ನಿಧಾನ" ಮತ್ತು "ಬೇಡ". ಶಾಲೆಯ ಫೀಸಿನ ಮಾತು ಎತ್ತಿದರೆ ಮತ್ತೆ ಮೊದಲಿನಿಂದ.

ಒಬ್ಬಾಕೆ ಮೂರನೇ ವಾರ ಬಂದು ಹೇಳಿದರು, ಗಂಡನ ಎಡ ಅಂಗೈಯಲ್ಲಿ ಕತ್ತಿ ತಾಗಿದ ಗಾಯದ ಗೆರೆ ಇದೆಯಂತೆ, 11 ವರ್ಷದ ಹಿಂದಿನದು. ಅವರಿಗೆ ಅವತ್ತೇ ಗೊತ್ತಾದದ್ದು.

ಮಗನಿಗೆ 24 ವರ್ಷ. ಎತ್ತುವುದು, ಮೀಯಿಸುವುದು, ಉಣಿಸುವುದು ಎಲ್ಲ ನಾನೇ. ನೀವು ಸ್ಪರ್ಶ ಸ್ಪರ್ಶ ಅನ್ನುವಾಗ ನನಗೆ ಬೆನ್ನುನೋವು ನೆನಪಾಗುತ್ತದೆ.

ಇದನ್ನು ಕೇಳಿದವರು ಗೇರುಗುಡ್ಡದ ಬದಿಯವರು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಹಾಕಿದ್ದು ನಿಮಗೆ ಗೊತ್ತಿದೆ. ಅದರಿಂದ ನರಳಿದ ಮನೆಗೆ ಹೋಗಿ ಗಮನವಿಟ್ಟು ಮುಟ್ಟಿ ಅಂತ ಉಪದೇಶ ಮಾಡಿದರೆ ನನ್ನ ಬಾಯಿಗೆ ಹುಳ ಬೀಳಬೇಕು.

ಹಾಗಾಗಿ ಇವರಿಗೆ ನಾನು ಮೊದಲು ಹೇಳಿದ್ದು ಎತ್ತುವ ಕ್ರಮ. ಸೊಂಟ ಬಗ್ಗಿಸಬೇಡಿ, ಮೊಣಗಂಟು ಮಡಿಸಿ. ಹಾಸಿಗೆಯಲ್ಲಿ ಸರಿಸಲು ಮೈಕೆಳಗೆ ಬೆಡ್‌ಶೀಟ್ ಹಾಕಿ ಎಳೆಯಿರಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ತಂಡ ಮನೆಗೆ ಬರುತ್ತದೆ, ಕೇಳಿ ಕರೆಸಿ. ಆಮೇಲೆ ಒಂದೇ ಒಂದು ಸಣ್ಣ ವಿಷಯ: ಎತ್ತುವ ಮೊದಲು ಭುಜದ ಮೇಲೆ ಕೈ ಇಟ್ಟು "ಎತ್ತುತ್ತೇನೆ ಆಯ್ತಾ" ಅನ್ನಿ, ಒಂದು ಉಸಿರು ಕಾಯಿರಿ. ಮಾತು ಬಾರದವರೂ ಆ ಹೊತ್ತಿಗೆ ಮೈ ಸಡಿಲ ಬಿಡುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಎತ್ತುವವರ ಬೆನ್ನಿಗೂ ಅದು ಹಗುರ. ಆಮೇಲೆ ನಿಮ್ಮ ಬೆನ್ನನ್ನು ಯಾರಾದರೂ ಮುಟ್ಟಿ ಎಷ್ಟು ದಿನ ಆಯಿತು ಅಂತಲೂ ಕೇಳಿಕೊಳ್ಳಿ.

ಮಕ್ಕಳಿಗೆ ಗುಡ್ ಟಚ್, ಬ್ಯಾಡ್ ಟಚ್ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಸಾಕಲ್ವಾ?

ಸಾಲದು. ಶಾಲೆಯಲ್ಲಿ "ಬೇಡ ಅನ್ನು" ಎಂದು ಕಲಿಸಿ, ಮನೆಯಲ್ಲಿ ನೆಂಟರು ಬಂದಾಗ "ಮಾಮನಿಗೆ ಮುತ್ತು ಕೊಡು, ಹಟ ಮಾಡಬೇಡ" ಅಂದರೆ ಮಗು ಯಾವುದನ್ನು ನಂಬಬೇಕು? ಮಗು ಬೇಡ ಅಂದರೆ ಬೇಡ. ಕೈ ಮುಗಿದರೆ ಸಾಕು. ಮಾಮನಿಗೆ ಬೇಜಾರಾದರೆ ಆಗಲಿ.

ಇನ್ನೊಂದು, ಬಟ್ಟೆಯ ಮೇಲಿಂದ ಮುಟ್ಟಿದರೆ ಕೇಸಿಲ್ಲ ಅಂತ ಇನ್ನೂ ಕೆಲವರು ಹೇಳುತ್ತಾರೆ. ತಪ್ಪು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯಡಿ ಚರ್ಮಕ್ಕೆ ಚರ್ಮ ತಾಗಲೇಬೇಕು ಎಂದು ಬಂದಿದ್ದ ಹೈಕೋರ್ಟ್ ತೀರ್ಪನ್ನು ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲಿ ತಳ್ಳಿಹಾಕಿದೆ. ನೋಡುವುದು ಉದ್ದೇಶವನ್ನು. ಮಕ್ಕಳ ಸಹಾಯವಾಣಿ 1098.

## ಆಧಾರ ಕೇಳುವವರಿಗೆ

ಇದಕ್ಕೆಲ್ಲ ವಿಜ್ಞಾನದ ಆಧಾರ ಉಂಟಾ, ಸುಮ್ನೆ ಹೇಳುವುದಾ?

ಸ್ಪರ್ಶಕ್ಕೆ ಬೇಕಾದಷ್ಟು ಉಂಟು. 2021ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದೇ ಬಿಸಿ ಮತ್ತು ಒತ್ತಡವನ್ನು ನರಗಳು ಹೇಗೆ ತಿಳಿಯುತ್ತವೆ ಎಂದು ತೋರಿಸಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ. ನನಗೆ ಅದಕ್ಕಿಂತ ಇಷ್ಟವಾದದ್ದು ಸಿ-ಟ್ಯಾಕ್ಟೈಲ್ ಎಂಬ ನರತಂತುಗಳ ವಿಷಯ. ರೋಮ ಇರುವ ಚರ್ಮದಲ್ಲಿ, ಅಂದರೆ ಮುಂಗೈ, ಬೆನ್ನು, ಇಂಥ ಕಡೆ ಇವು ಇರುತ್ತವೆ. ಅವಸರದ ಸುದ್ದಿ ಇವಕ್ಕೆ ಬೇಡ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ, ಮೈಬಿಸಿಯ ಕೈಯಿಂದ ಸವರಿದಾಗ ಇವು ಚೆನ್ನಾಗಿ ಎಚ್ಚರವಾಗುತ್ತವೆ. ಅದಕ್ಕಿಂತ ಬೇಗ ಆದರೂ ಕಡಿಮೆ, ತೀರ ನಿಧಾನ ಆದರೂ ಕಡಿಮೆ.

ಈಗಲೇ ಮಾಡಿ ನೋಡಿ. ಮೊಣಕೈಯಿಂದ ಮಣಿಕಟ್ಟಿಗೆ ಸುಮಾರು 25 ಸೆಂಟಿಮೀಟರ್. ಎಂಟು ಎಣಿಸುವಷ್ಟರಲ್ಲಿ ಬೆರಳು ಅಷ್ಟು ದೂರ ಹೋಗಲಿ. ಮಗುವನ್ನು ಮಲಗಿಸುವಾಗ ನಿಮ್ಮ ಕೈ ತಾನಾಗಿ ಹೋಗುವ ವೇಗ ಅದೇ ಅಲ್ವಾ?

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳನ್ನು ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗಿಸಿ ಮಲಗಿಸುವ ಕಾಂಗರೂ ಆರೈಕೆ ಕೊಲಂಬಿಯಾದ ಬೊಗೋಟದಲ್ಲಿ 1970ರ ದಶಕದ ಕೊನೆಗೆ ಶುರುವಾದದ್ದು, ಇನ್‌ಕ್ಯುಬೇಟರ್ ಸಾಲದೆ ಇದ್ದದ್ದಕ್ಕೆ. ಅದು ಜೀವ ಉಳಿಸುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಶಿಫಾರಸು ಮಾಡುತ್ತದೆ.

ಆದರೆ ಚಕ್ರ ತೆರೆಯಿತು, ಕುಂಡಲಿನಿ ಎದ್ದಿತು ಅನ್ನುವುದಕ್ಕೆ ಈ ಸಂಶೋಧನೆಗಳನ್ನು ಸಾಕ್ಷಿಗೆ ಕರೆಯಬೇಡಿ. ಅವು ಅದನ್ನು ಹೇಳುವುದಿಲ್ಲ.

ಮೊಬೈಲ್ ಬಂದ ಮೇಲೆ ನಾವು ಮುಟ್ಟುವುದು ಕಡಿಮೆ ಮಾಡಿದ್ದೇವಾ?

ಮುಟ್ಟುವುದು ಕಡಿಮೆಯಾಗಿಲ್ಲ, ಗಾಜನ್ನು ಮುಟ್ಟುತ್ತಿದ್ದೇವೆ. ಹೆಬ್ಬೆರಳಿನ ಬುಡದ ನೋವು ಎಂದು ಬರುವವರು ನನಗೀಗ ಜಾಸ್ತಿ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಜನ ಪಟ್ಟ ಪಾಡು ಮರೆಯುವ ಹಾಗಿಲ್ಲ. ಆಗ ಗಲ್ಫಿನಿಂದ ಬಂದ ಮಗ ಮಹಡಿಯಲ್ಲಿ, ಅಮ್ಮ ಮೆಟ್ಟಿಲ ಮೇಲೆ ಊಟದ ತಟ್ಟೆ ಇಟ್ಟು ಕೆಳಗಿಳಿಯುವುದು. ಇಬ್ಬರ ಕೈಯಲ್ಲೂ ಫೋನು. ಕೊರತೆ ಫೋನಿನಿಂದ ಬರಲಿಲ್ಲ, ಕೊರತೆಯನ್ನು ಅದು ತುಂಬಲಿಲ್ಲ ಅಷ್ಟೆ.

## ಜಾಗ್ರತೆ

ಮೂರು ದಿನದ ತಂತ್ರ ಶಿಬಿರಕ್ಕೆ 25 ಸಾವಿರ ಕೇಳುತ್ತಿದ್ದಾರೆ. ಹೋಗಲಾ?

ನಾನೂ ಒಮ್ಮೆ ಹೋಗಿದ್ದೆ. ಎಲ್ಲಿ, ಯಾರದು ಅಂತ ಹೇಳುವುದಿಲ್ಲ. ಮೊದಲ ದಿನ ಚೆನ್ನಾಗಿತ್ತು: ಉಸಿರು, ನಡಿಗೆ, ಕಣ್ಣಲ್ಲಿ ಕಣ್ಣಿಟ್ಟು ನೋಡುವುದು. ಎರಡನೇ ದಿನ ಕಣ್ಣಿಗೆ ಬಟ್ಟೆ ಕಟ್ಟಿ, ನನ್ನ ಜೊತೆಗಿದ್ದ ಗೆಳತಿಯ ಕೈಯಲ್ಲಿ ನನ್ನ ಕೈ ಇಡಿಸಿದರು. ಸ್ವಲ್ಪ ಹೊತ್ತಿಗೆ ಆ ಕೈ ಬದಲಾಯಿತು. ಯಾರೂ ಕೇಳಲಿಲ್ಲ, ಹೇಳಲಿಲ್ಲ. ದಪ್ಪ ಬೆರಳು, ಉಂಗುರ, ಬೆವರು. ಬಟ್ಟೆ ಬಿಚ್ಚಿ ಎದ್ದೆ. "ನಿಮ್ಮಲ್ಲಿ ಶರಣಾಗತಿ ಕಡಿಮೆ" ಅಂದರು. ಹಣ ವಾಪಸ್ ಬರಲಿಲ್ಲ.

ಆಮೇಲೆ ನನ್ನದೇ ಒಂದು ಅಳತೆ ಮಾಡಿಕೊಂಡೆ. ಬೇಡ ಅನ್ನುವುದನ್ನು ಮೊದಲ ಗಂಟೆಯಲ್ಲೇ ಅಭ್ಯಾಸ ಮಾಡಿಸುವವರ ಹತ್ತಿರ ಹೋಗಬಹುದು. ಬೇಡ ಅಂದದ್ದನ್ನು ನಿಮ್ಮ ಅಹಂಕಾರ, ನಿಮ್ಮ ತಡೆ ಅಂತ ಕರೆಯುವವರ ಬಾಗಿಲಿನಿಂದಲೇ ವಾಪಸ್ ಬನ್ನಿ. ಕಲಿಸುವವರೇ ಕಲಿಯುವವರನ್ನು ಖಾಸಗಿಯಾಗಿ ಮುಟ್ಟುವ ಭಾಗ ಇದೆಯಾ ಅಂತ ಮೊದಲೇ ಕೇಳಿ. ಆ 25 ಸಾವಿರಕ್ಕೆ ಇಬ್ಬರೂ ನಾಲ್ಕು ದಿನ ರಜೆ ಹಾಕಿ ಮನೆಯಲ್ಲಿ ಕೂತರೆ ಮುಕ್ಕಾಲು ಪಾಲು ಪಾಠ ಆಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಬ್ಬರು ಮೈ ಮುಟ್ಟಿ ದೋಷ ತೆಗೆಯಬೇಕು, ಒಬ್ಬಳೇ ಬರಬೇಕು ಅಂದಿದ್ದಾರೆ.

ಹೋಗಬೇಡಿ. ಹೋಗಿ ಏನಾದರೂ ಆಗಿದ್ದರೆ ತಪ್ಪು ನಿಮ್ಮದಲ್ಲ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ, ಪೊಲೀಸರಿಗೆ ಹೇಳಿ. ಪೂಜೆಯ ಹೆಸರು ಹೇಳಿದರೂ ಒಪ್ಪಿಗೆ ಇಲ್ಲದ ಸ್ಪರ್ಶ ಅಪರಾಧವೇ.

## ಸ್ವಲ್ಪ ಆಳಕ್ಕೆ

ಹಳೆಯ ತಂತ್ರದಲ್ಲಿ ಸ್ಪರ್ಶ ಅಂತ ನಿಜವಾಗಿ ಏನಾದರೂ ಇದೆಯಾ, ಎಲ್ಲ ಈಗಿನವರು ಸೇರಿಸಿದ್ದಾ?

ಇದೆ, ನಮ್ಮ ಕಣ್ಣೆದುರೇ ಇದೆ. ನ್ಯಾಸ. ಇಡುವುದು ಅಂತ ಅರ್ಥ. ಪೂಜೆಗೆ ಮೊದಲು ಅರ್ಚಕರು ತಮ್ಮ ಮೈಯನ್ನು ತಾವೇ ಮುಟ್ಟಿಕೊಂಡು ಅಲ್ಲಲ್ಲಿ ಮಂತ್ರವನ್ನು ಇಡುತ್ತಾರೆ. ಕರನ್ಯಾಸದಲ್ಲಿ ಅಂಗುಷ್ಠಾಭ್ಯಾಂ ನಮಃ, ತರ್ಜನೀಭ್ಯಾಂ ನಮಃ ಅಂತ ಒಂದೊಂದೇ ಬೆರಳು, ಕೊನೆಗೆ ಅಂಗೈ ಮತ್ತು ಅದರ ಹಿಂಬದಿ. ಆಮೇಲೆ ಅಂಗನ್ಯಾಸ: ಹೃದಯ, ತಲೆ, ಶಿಖೆ, ಭುಜ, ಕಣ್ಣು. ಹೊರಗಿನ ವಿಗ್ರಹವನ್ನು ಮುಟ್ಟುವ ಮೊದಲು ಸ್ವಂತ ಮೈಯನ್ನು ದೇವರ ಮೈ ಮಾಡಿಕೊಳ್ಳಬೇಕು ಎಂಬ ಲೆಕ್ಕ.

ಅಪ್ಪ ದಿನಾ ಇದನ್ನು ಮಾಡುವುದನ್ನು ನೋಡುತ್ತಾ ಬೆಳೆದೆ. ದೂರದಿಂದ, ಯಾಕೆಂದರೆ ಅವರು ಮಡಿಯಲ್ಲಿರುತ್ತಿದ್ದರು. ಹೆಬ್ಬೆರಳು ತೋರುಬೆರಳಿನ ಬುಡದಿಂದ ತುದಿಗೆ ಜಾರುವುದು, ಆಮೇಲೆ ನಡುಬೆರಳು. ಎಷ್ಟೋ ದಿನ ಅದು ಬರೀ ಅವಸರದ ಕೈಚಲನೆ, ಹೊರಗೆ ಜನ ಕಾಯುತ್ತಿದ್ದಾರೆ. ಕೆಲವು ದಿನ ಮಾತ್ರ ಬೆರಳು ನಿಧಾನವಾಗುತ್ತಿತ್ತು, ಅವರ ಮುಖವೂ.

ಅವರ 71ನೇ ವಯಸ್ಸಿನಲ್ಲಿ ಪಾರ್ಶ್ವವಾಯು ಹೊಡೆಯಿತು, ಬಲಭಾಗ. ನನಗೆ 12 ದಾಟಿದ ಮೇಲೆ ಅಪ್ಪ ನನ್ನನ್ನು ಮುಟ್ಟಿದ ನೆನಪಿಲ್ಲ. ಈಗ ದಿನಕ್ಕೆ ಮೂರು ಸಲ ಅವರ ಬೆರಳು ಬಿಡಿಸಿ ಮಡಿಸುವುದು ನನ್ನ ಕೆಲಸ. ಹತ್ತು ಸಲ, ಹದಿನೈದು ಸಲ, ರೋಗಿಗಳಿಗೆ ಎಣಿಸುವ ಹಾಗೆ ಎಣಿಸುತ್ತಿದ್ದೆ. ಒಂದು ಬೆಳಿಗ್ಗೆ ಅವರ ಹೆಬ್ಬೆರಳನ್ನು ತೋರುಬೆರಳಿನ ಮೇಲೆ ಸರಿಸುವಾಗ, ಸೊಟ್ಟಗಾದ ಬಾಯಿಂದ "ತರ್ಜನೀ" ಅಂದರು. ನಾನು ಮುಂದಿನ ಬೆರಳಿಗೆ ಹೋದೆ. "ಮಧ್ಯಮಾ" ಅಂದರು. ಅವತ್ತಿನಿಂದ ನಮ್ಮ ಎಣಿಕೆ ಹತ್ತೂ ಅಲ್ಲ, ಹದಿನೈದೂ ಅಲ್ಲ, ಆರರದ್ದು. ಬಲಗೈ ಪೂರ್ತಿ ಬರಲಿಲ್ಲ. ಲೋಟ ಹಿಡಿಯುವಷ್ಟು ಬಂತು.

ತಂತ್ರದಲ್ಲಿ ಜಾತಿ ಇಲ್ಲ ಅಂತಾರೆ. ನಿಜಾನಾ?

ಕುಲಾರ್ಣವ ತಂತ್ರ ಎಂಬ ಹಳೆಯ ಗ್ರಂಥದಲ್ಲಿ ಒಂದು ಪ್ರಸಿದ್ಧ ಮಾತಿದೆ. ಭೈರವೀಚಕ್ರ, ಅಂದರೆ ಸಾಧಕರು ಸುತ್ತ ಕೂತು ಮಾಡುವ ಪೂಜೆ, ಶುರುವಾದ ಮೇಲೆ ಎಲ್ಲ ವರ್ಣದವರೂ ದ್ವಿಜರು. ಚಕ್ರ ಮುಗಿದ ಮೇಲೆ ಎಲ್ಲರೂ ಮತ್ತೆ ಬೇರೆ ಬೇರೆ. ಮೊದಲ ಸಾಲನ್ನು ಮಾತ್ರ ಹೇಳಿ ಬೀಗುವವರು ಎರಡನೆಯದನ್ನು ನುಂಗಿಬಿಡುತ್ತಾರೆ.

ನಮ್ಮ ಜಿಲ್ಲೆಯಲ್ಲಿ ಇದನ್ನು ಓದಬೇಕಾಗಿಲ್ಲ, ತೆಯ್ಯಂನಲ್ಲಿ ನೋಡಬಹುದು. ಕಲಾವಿದ ದೇವರ ವೇಷ ಕಟ್ಟಿ, ದೇವರೇ ಆಗಿ ಮಾತಾಡುವ ಆಚರಣೆ ಅದು. ನೀಲೇಶ್ವರ, ಕಾಞಂಗಾಡ್ ಕಡೆ ಪೊಟ್ಟನ್ ತೆಯ್ಯಂ ಕೆಂಡದ ಮೇಲೆ ಮಲಗಿ, ದಾರಿ ಬಿಡು ಅಂದ ಶಂಕರಾಚಾರ್ಯರನ್ನು ಕೇಳುತ್ತದೆ: ನನ್ನನ್ನು ಕೊಯ್ದರೂ ನಿನ್ನನ್ನು ಕೊಯ್ದರೂ ಬರುವುದು ಒಂದೇ ನೆತ್ತರಲ್ಲವಾ? ಮುತ್ತಪ್ಪನ್ ತೆಯ್ಯಂ ಎಲ್ಲ ಜಾತಿಯವರ ಕೈಯನ್ನೂ ತನ್ನ ಎರಡು ಕೈಯಲ್ಲಿ ಹಿಡಿದು, ಮನೆ ಮಕ್ಕಳ ಕಷ್ಟ ಕೇಳುತ್ತದೆ. ಅಷ್ಟು ಬಿಗಿಯಾಗಿ, ಅಷ್ಟು ಹೊತ್ತು ಕೈ ಹಿಡಿಯುವವರು ನಮ್ಮ ಬದುಕಿನಲ್ಲಿ ಬೇರೆ ಯಾರಿದ್ದಾರೆ ಅಂತ ಸರತಿಯಲ್ಲಿ ನಿಂತ ಹೆಂಗಸರ ಮುಖ ನೋಡಿದರೆ ಅನಿಸುತ್ತದೆ. ಮುಡಿ, ಅಂದರೆ ವೇಷದ ಕಿರೀಟ, ಇಳಿಸಿದ ಮೇಲೆ ಆ ಕಲಾವಿದನನ್ನು ಒಳಮನೆಗೆ ಕರೆದು ಎಲೆ ಹಾಕುವವರು ಹಿಂದೆ ಎಷ್ಟಿದ್ದರು? ಈಗ ಎಷ್ಟಿದ್ದಾರೆ? ಇವತ್ತಿಗೆ ತಂತ್ರ ಬೇಕಾ ಅಂತ ಕೇಳಿದರೆ, ಬೇಕಾದದ್ದು ಆ ಎರಡನೇ ಸಾಲನ್ನು ಅಳಿಸುವುದಕ್ಕೆ ಅನ್ನುತ್ತೇನೆ.

ಗುರು ಇಲ್ಲದೆ ವಿಜ್ಞಾನಭೈರವ ಓದಬಹುದಾ?

ಮಂತ್ರದೀಕ್ಷೆಗೆ ಗುರು ಬೇಕು ಅನ್ನುವುದು ಪರಂಪರೆ, ಅದನ್ನು ನಾನು ಮುಟ್ಟುವುದಿಲ್ಲ. ವಿಜ್ಞಾನಭೈರವ ಹಳೆಯ ಶೈವ ತಂತ್ರದ ಪುಸ್ತಕ, ಓದಲು ಕಷ್ಟದ್ದಲ್ಲ. ದೇವಿ ಕೇಳುತ್ತಾಳೆ, ಭೈರವ ಹೇಳುತ್ತಾನೆ, 112 ಧಾರಣೆಗಳು, ಅಂದರೆ ಮನಸ್ಸು ನಿಲ್ಲಿಸುವ ದಾರಿಗಳು. ಎಷ್ಟೋ ತೀರ ಸಾಧಾರಣ: ಉಸಿರು ಒಳಗೆ ಬಂದು ತಿರುಗುವ ಜಾಗ, ಬಹಳ ದಿನದ ಮೇಲೆ ನೆಂಟರನ್ನು ಕಂಡ ಖುಷಿ, ಊಟದ ರುಚಿ.

ಸ್ಪರ್ಶದ ಎರಡು ನನಗೆ ಇಷ್ಟ. ಒಂದರಲ್ಲಿ ಇಂದ್ರಿಯದ ಬಾಗಿಲೆಲ್ಲ ಮುಚ್ಚಿ ಕೂತಾಗ ಪ್ರಾಣ ಮೇಲೇರುವುದು ಮೈಮೇಲೆ ಇರುವೆ ಹರಿದ ಹಾಗೆ ಅನಿಸುತ್ತದಂತೆ, ಆ ಹೊತ್ತಿನಲ್ಲಿ ಸುಖ ತೆರೆದುಕೊಳ್ಳುತ್ತದೆ. ಅಡಿಕೆ ತೋಟದಲ್ಲಿ ಕೆಂಪಿರುವೆ ಹತ್ತಿಸಿಕೊಂಡ ನಮಗೆ ಈ ಉಪಮೆ ಅಷ್ಟು ಸುಖದ್ದಲ್ಲ, ಇರಲಿ. ಇನ್ನೊಂದನ್ನು ಕೆಲವು ವ್ಯಾಖ್ಯಾನಗಳು ಕಂಕುಳಿನ ಕಚಗುಳಿ ಎಂದು ಬಿಡಿಸುತ್ತವೆ. ಕಚಗುಳಿಯಿಟ್ಟಾಗ ಥಟ್ಟನೆ ಉಕ್ಕುವ ಆನಂದದಲ್ಲೇ ತತ್ತ್ವ ಕಾಣುತ್ತದೆ ಎಂದು. ಗಂಭೀರ ಮುಖದ ಪಂಡಿತರು ಇದನ್ನು ಪಾಠ ಮಾಡುವುದನ್ನು ನೋಡಬೇಕು ಅಂತ ನನಗೊಂದು ಆಸೆ.

ಎಲ್ಲ ಓದಿದೆ. ಆದರೆ ನನಗೆ ಯಾರೂ ಮುಟ್ಟುವುದೇ ಇಷ್ಟವಿಲ್ಲ. ನನ್ನಲ್ಲಿ ಏನಾದರೂ ಕೊರತೆಯಾ?

ಇಲ್ಲ. ಕೆಲವರ ಚರ್ಮವೇ ಹಾಗೆ, ಹತ್ತಿಯ ಅಂಗಿ ಬಿಟ್ಟು ಬೇರೆ ಹಾಕಲಾಗದವರು ನನ್ನ ಹತ್ತಿರ ಬರುತ್ತಾರೆ. ಕೆಲವರ ಹಿಂದೆ ಒಂದು ನೋವಿನ ಕತೆ ಇರುತ್ತದೆ, ಅಂಥವರು ಮನಃಶಾಸ್ತ್ರಜ್ಞರ ಹತ್ತಿರ ಮಾತಾಡಿದರೆ ಒಳ್ಳೆಯದು, ಶಿಬಿರದವರ ಹತ್ತಿರ ಅಲ್ಲ. ಇನ್ನು ಕೆಲವರಿಗೆ ಕತೆ ಏನೂ ಇಲ್ಲ, ಸುಮ್ನೆ ಇಷ್ಟವಿಲ್ಲ. ಈ ಪ್ರಶ್ನೆ ಕೇಳಿದವರು ನನ್ನ ಕ್ಲಿನಿಕ್ಕಿಗೆ ಕುತ್ತಿಗೆ ನೋವಿಗೆ ಬಂದವರು. ಕೈ ಹಚ್ಚದೆ, ಎದುರು ಕೂತು, ನಾನು ನನ್ನ ಕುತ್ತಿಗೆ ತಿರುಗಿಸಿ ತೋರಿಸಿದೆ, ಅವರು ನೋಡಿ ಮಾಡಿದರು. ನಾಲ್ಕು ವಾರದಲ್ಲಿ ನೋವು ಹೋಯಿತು.